ಟಿಲ್ಲರ್ ಸದ್ದು ಬದಲಾದರೆ: ಬಿಚ್ಚುವ ಮೊದಲು ಕಿವಿಗೊಡಿ

ಪವರ್ ಟಿಲ್ಲರ್ ಎಂದ ಮೇಲೆ ಸದ್ದು ಇದ್ದೇ ಇರುತ್ತೆ. ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನು ಮೆತ್ತಗೆ ಓಡಲ್ಲ. ಆದರೆ ದಿನಾ ಹಿಡಿದು ಓಡಿಸುವವರಿಗೆ ಅದರ ಮಾಮೂಲಿ ಸದ್ದು ಯಾವುದು, ಹೊಸದಾಗಿ ಸೇರಿಕೊಂಡಿದ್ದು ಯಾವುದು ಅಂತ ಗೊತ್ತಾಗುತ್ತೆ. ಆ ಹೊಸ ಸದ್ದು ಎಲ್ಲಿಂದ ಬರ್ತಿದೆ ಎಂದು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಇದೆಲ್ಲ ಹೊಲದಲ್ಲೂ ರಿಪೇರಿ ಅಂಗಡಿಗಳ ಮುಂದೆ ಕೂತೂ ಕಲಿತದ್ದು.

ನಮ್ಮ ಜಮೀನು ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ. ಮಳೆ ನಂಬಿದ ಕೆಂಪು ಭೂಮಿ. ರಾಗಿ, ಅದರ ನಡುವೆ ಅವರೆ, ತೊಗರಿ ಅಕ್ಕಡಿ. ಸುತ್ತ ಲೇಔಟುಗಳಾಗಿ ಹೊಲಗಳು ತುಂಡು ತುಂಡಾದವು. ಎತ್ತು ಕಟ್ಟುವವರಿಲ್ಲ, ಸಣ್ಣ ತುಂಡಿನಲ್ಲಿ ದೊಡ್ಡ ಟ್ರಾಕ್ಟರು ತಿರುಗಲ್ಲ. ಹಾಗಾಗಿ ಬದು, ಹಳ್ಳ, ದಿಣ್ಣೆ ಎಲ್ಲದಕ್ಕೂ ಟಿಲ್ಲರೇ ಗತಿ. ಆದರೆ ಊರು ಬೆಳೆದ ಹಾಗೆ ಮೆಕ್ಯಾನಿಕ್ಕುಗಳೆಲ್ಲ ಬೈಕು, ಕಾರಿನ ಕಡೆ ಹೋದರು. ಟಿಲ್ಲರ್ ಬಲ್ಲವರನ್ನು ದೂರದಿಂದ ಕರೆಸಬೇಕು. ಆರಿದ್ರೆ, ಪುನರ್ವಸು ಮಳೆಗೆ ಹದ ಸಿಕ್ಕಿದಾಗ ಕೆಂಪು ಮಣ್ಣು ನಮಗಾಗಿ ಕಾಯಲ್ಲ, ಎರಡು ಮೂರು ದಿನಕ್ಕೆ ಆರಿಹೋಗುತ್ತೆ. ಆ ಹೊತ್ತಲ್ಲಿ ಎಂಜಿನ್ ಬಿಚ್ಚಿ ಹರಡಿಕೊಂಡರೆ ಬಿತ್ತನೆ ತಪ್ಪಿತು ಅಂತಲೇ ಲೆಕ್ಕ.

ನಮ್ಮ ಬೆಂಗಳೂರಿಗೂ ಟಿಲ್ಲರಿಗೂ ಹಳೆಯ ನಂಟು. ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಇಲ್ಲಿ ಶುರುವಾದದ್ದು 1967ರಲ್ಲಿ. ಅವರ ಶಕ್ತಿ 130 ಡಿಐ 13 ಎಚ್‌ಪಿಯದು, 673 ಸಿಸಿ, ನಿಮಿಷಕ್ಕೆ 2400 ಸುತ್ತು. ಅಂದರೆ ಸೆಕೆಂಡಿಗೆ 40 ಸುತ್ತು. ಇಷ್ಟು ಜೋರಾಗಿ ತಿರುಗುವುದರಲ್ಲಿ ಒಂದು ನಟ್ ಸಡಿಲವಾದರೆ ಎಷ್ಟು ಸಲ ಬಡಿಯುತ್ತೆ, ನೀವೇ ಲೆಕ್ಕ ಹಾಕಿ. ಕಂಪನಿ ಯಾವುದೇ ಇರಲಿ, ನೀರಿನಿಂದ ತಣಿಯುವ ಒಂಟಿ ಸಿಲಿಂಡರ್ ಎಂಜಿನ್ನಾದರೆ ಕೆಳಗಿನ ಮಾತು ಹೊಂದುತ್ತೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ತಣ್ಣಗಿದ್ದಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ?
2. ಖಾಲಿ ಓಡುವಾಗಲೂ ಇದೆಯೋ, ಉಳುಮೆಯ ಭಾರ ಬಿದ್ದಾಗ ಮಾತ್ರವೋ?
3. ಬೆಲ್ಟ್ ಕಳಚಿ ಬರೀ ಎಂಜಿನ್ ಓಡಿಸಿದರೆ ಸದ್ದು ಉಳಿಯುತ್ತೋ?
4. ಓಡುತ್ತಿರುವಾಗ ಡೀಸೆಲ್ ನಿಲ್ಲಿಸಿದರೆ, ಫ್ಲೈವೀಲ್ ತಿರುಗಿ ನಿಲ್ಲುವ ತನಕ ಸದ್ದು ಇರುತ್ತೋ, ತಕ್ಷಣ ಹೋಗುತ್ತೋ?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ರಿಪೇರಿ ಆದ ಹಾಗೆ. ಬೆಲ್ಟ್ ತೆಗೆದ ಮೇಲೆ ಸದ್ದು ನಿಂತರೆ ಎಂಜಿನ್ ಮುಟ್ಟಬೇಡಿ. ಕ್ಲಚ್ಚು, ಗೇರ್ ಬಾಕ್ಸು, ರೋಟರಿ ಬೇರಿಂಗು ಅಥವಾ ಸವೆದ ಬೆಲ್ಟು, ಈ ಕಡೆ ನೋಡಿ. ಡೀಸೆಲ್ ನಿಲ್ಲಿಸಿದ ತಕ್ಷಣ ಸದ್ದು ಹೋದರೆ ನಾಜಲ್ ಇಲ್ಲವೇ ಪಂಪಿನ ಟೈಮಿಂಗ್ ಮೇಲೆ ಅನುಮಾನ. ನಿಲ್ಲಿಸಿದರೂ ಉಳಿದರೆ ಎಲ್ಲೋ ಕಬ್ಬಿಣ ಕಬ್ಬಿಣಕ್ಕೆ ಬಡೀತಿದೆ ಅಂತ ಅರ್ಥ.

ಸದ್ದಿನ ಜಾಗ ಹುಡುಕಲು ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. ತುದಿಯನ್ನು ಎಂಜಿನ್ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿ. ಹೆಡ್ಡು, ಸಿಲಿಂಡರು, ಕ್ರ್ಯಾಂಕ್ ಕೇಸು ಒಂದೊಂದೇ ಕಡೆ ಇಟ್ಟು ನೋಡಿ. ಸದ್ದು ಹುಟ್ಟುವ ಜಾಗದಲ್ಲಿ ಗಟ್ಟಿಯಾಗಿ ಕೇಳುತ್ತೆ. ಲುಂಗಿ, ಟವೆಲ್ಲು ಬಿಗಿಯಾಗಿ ಕಟ್ಟಿಕೊಳ್ಳಿ. ಬೆಲ್ಟು, ಫ್ಲೈವೀಲ್ ಹತ್ತಿರ ಬಗ್ಗಲೇಬೇಡಿ.

ಹೊರಗಿನ ಸದ್ದುಗಳು

ಮೊದಲು ಎಂಜಿನ್ ನಿಲ್ಲಿಸಿ ಎಂಜಿನ್ ಕೂರಿಸಿದ ಬೋಲ್ಟು, ಸೈಲೆನ್ಸರ್, ಬೆಲ್ಟ್ ಕವರು, ಟ್ಯಾಂಕಿನ ಪಟ್ಟಿ ಇವನ್ನೆಲ್ಲ ಸ್ಪ್ಯಾನರ್ ಹಾಕಿ ನೋಡಿ. ಕಲ್ಲು ಬದುವಿನ ಮೇಲೆ ಹತ್ತಿಳಿದು ಇವು ಸಡಿಲವಾಗುತ್ತವೆ. ಸೈಲೆನ್ಸರ್ ಕೂಡುವ ಕಡೆ ಗ್ಯಾಸ್ಕೆಟ್ ಸೀಳಿದರೆ "ಚಟ್ ಚಟ್" ಅಂತ ಬರುತ್ತೆ, ಅಲ್ಲಿ ಕಪ್ಪು ಮಸಿಯೂ ಕಾಣುತ್ತೆ.

ಆಮೇಲೆ ಫ್ಲೈವೀಲ್. ನಮ್ಮ ಪಕ್ಕದ ಹೊಲದವರ ಟಿಲ್ಲರ್ ಒಂದು ವರ್ಷ ಬಿತ್ತನೆ ಹೊತ್ತಿಗೆ ಸುತ್ತಿಗೇಲಿ ಹೊಡೆದ ಹಾಗೆ ಬಡಿಯೋಕೆ ಶುರುವಾಯಿತು. ಬಂದು ನೋಡಿದವರು "ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರು. ನಾವು ಬೆಲ್ಟ್ ತೆಗೆದು ನೋಡಿದೆವು, ಸದ್ದು ಉಳಿಯಿತು. ಡೀಸೆಲ್ ನಿಲ್ಲಿಸಿ ನೋಡಿದೆವು, ಆಗಲೂ ಉಳಿಯಿತು. ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ "ಕಟ್ ಕಟ್" ಎಂದಿತು. ನಟ್ ಸಡಿಲವಾಗಿ ಒಳಗಿನ ಕೀ ಸವೆದಿತ್ತು. ಹೊಸ ಕೀ, ಹೊಸ ಲಾಕ್ ವಾಷರ್ ಹಾಕಿ ನಟ್ ಬಿಗಿ ಮಾಡಿದ ಮೇಲೆ ಸದ್ದು ನಿಂತಿತು, ಹದ ತಪ್ಪದೆ ಬಿತ್ತನೆಯೂ ಆಯಿತು. ಅದನ್ನೇ ಹಾಗೇ ಓಡಿಸಿದ್ದರೆ ಕ್ರ್ಯಾಂಕಿನ ಕೀ ಗಾಡಿ ಅಗಲವಾಗಿ ಕ್ರ್ಯಾಂಕೇ ಬದಲಾಯಿಸಬೇಕಿತ್ತು.

ಹೆಡ್ಡಿನ ಕಡೆ "ಟಿಕ್ ಟಿಕ್"

ಇದು ಟ್ಯಾಪೆಟ್ ಸದ್ದು. ಖಾಲಿ ಓಡುವಾಗಲೂ ಕೇಳುತ್ತೆ, ಡೀಸೆಲ್ ನಿಲ್ಲಿಸಿದರೂ ಉಳಿಯುತ್ತೆ. ವಾಲ್ವಿಗೂ ರಾಕರಿಗೂ ನಡುವೆ ಇರಬೇಕಾದ ಸಂದು ಜಾಸ್ತಿಯಾಗಿದೆ ಅಂತ ಅರ್ಥ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಕವರ್ ತೆಗೆದು, ಫ್ಲೈವೀಲನ್ನು ಮೇಲ್ತುದಿಯ ಗುರುತಿಗೆ ತನ್ನಿ. ಈ ಗುರುತು ಎರಡು ಸಲ ಬರುತ್ತೆ. ಎರಡೂ ರಾಕರುಗಳು ಕೈಗೆ ಸಡಿಲ ಸಿಗುವ ಸಲವೇ ಸರಿಯಾದದ್ದು. ಕಂಪನಿ ಪುಸ್ತಕದಲ್ಲಿರುವ ದಪ್ಪದ ಫಿಲ್ಲರ್ ಗೇಜ್ ತೂರಿಸಿ, ಸ್ವಲ್ಪ ಹಿಡಿದು ಜಾರುವಂತೆ ಸ್ಕ್ರೂ ಸರಿಮಾಡಿ ಲಾಕ್ ನಟ್ ಬಿಗಿಯಿರಿ. ಬಿಗಿದ ಮೇಲೆ ಇನ್ನೊಂದು ಸಲ ನೋಡಿ.

ಸದ್ದೇ ಬರಬಾರದು ಅಂತ ಪೂರ್ತಿ ಬಿಗಿ ಮಾಡುವವರಿದ್ದಾರೆ. ಅದು ತಪ್ಪು. ಬಿಸಿಗೆ ವಾಲ್ವ್ ಉದ್ದವಾಗಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತೆ. ಸಣ್ಣ ಟಿಕ್ ಟಿಕ್ ಇದ್ದರೆ ಭಯವಿಲ್ಲ.

ಭಾರಕ್ಕೆ "ಕಣ ಕಣ", ಜೊತೆಗೆ ಕಪ್ಪು ಹೊಗೆ

ನಾಜಲ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಬೇಕು. ಹನಿ ಹನಿಯಾಗಿ ಸುರಿದರೆ ಒಳಗೆ ಒಮ್ಮೆಗೇ ಹೊತ್ತಿ ಬಡಿಯುತ್ತೆ. ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನ ತಳದ ನೀರು ಬಸಿದು, ಗಾಳಿ ತೆಗೆದು ನೋಡಿ. ಆಗಲೂ ಹೋಗದಿದ್ದರೆ ನಾಜಲನ್ನು ಪಂಪ್ ಟೆಸ್ಟಿಂಗ್ ಮಾಡುವ ಕಡೆ ಕೊಡಿ. ಸಿಂಪಡಣೆಗೆ ಕೈ ಒಡ್ಡಿ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ, ಬೆರಳು ಕಳೆದುಕೊಳ್ಳುವ ಅಪಾಯವಿದೆ.

ಎಂಜಿನ್ ಕಾದರೂ ಬಡಿತ ಬರುತ್ತೆ. ನೀರು ಕಡಿಮೆ ಇದೆಯಾ ನೋಡಿ. ನಮ್ಮ ಕಡೆಯ ಆಳದ ಬೋರ್‌ವೆಲ್ ನೀರು ಗಡಸು, ಒಳಗೆ ಸುಣ್ಣದ ಪೊರೆ ಕಟ್ಟುತ್ತೆ. ಹಿಡಿದಿಟ್ಟ ಮಳೆನೀರು ಹಾಕುವುದು ವಾಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳುತ್ತೆ.

ಬೆಳಿಗ್ಗೆ "ಕಟ ಕಟ", ಬಿಸಿಯಾದ ಮೇಲೆ ಕಡಿಮೆ

ಪಿಸ್ಟನ್ನು, ಬೋರು ಸವೆದ ಲಕ್ಷಣ. ಬಿಸಿಗೆ ಪಿಸ್ಟನ್ ಹಿಗ್ಗಿ ಸಂದು ತುಂಬುವುದರಿಂದ ಸದ್ದು ಇಳಿಯುತ್ತೆ. ಬ್ರೀದರ್ ಕೊಳವೆಯಲ್ಲಿ ಹೊಗೆ ಉಗುಳುವುದು, ಆಯಿಲ್ ಖರ್ಚಾಗುವುದು, ನೀಲಿ ಹೊಗೆ ಇವೂ ಜೊತೆಗಿದ್ದರೆ ಅನುಮಾನವೇ ಬೇಡ.

ಇದರ ಮೂಲ ನಮ್ಮ ಕೆಂಪು ದೂಳು. ಅದರೊಳಗಿನ ನುಣ್ಣನೆ ಮರಳು ಕಬ್ಬಿಣವನ್ನೂ ತೇಯುತ್ತೆ. ಏರ್ ಕ್ಲೀನರಿನ ಬಟ್ಟಲಲ್ಲಿ ಗುರುತಿನ ತನಕ ಆಯಿಲ್ ಇರಬೇಕು. ಒಣ ಉಳುಮೆ ಮಾಡಿದ ದಿನ ಸಂಜೆ ಬಟ್ಟಲು ಬಿಚ್ಚಿ, ಕೆಸರಾದ ಆಯಿಲ್ ಚೆಲ್ಲಿ, ಜಾಲರಿ ಡೀಸೆಲಿನಲ್ಲಿ ತೊಳೆದು ಹೊಸದು ಹಾಕಿ. ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಕ್ಲೀನರ್ ಇದ್ದೂ ಇಲ್ಲದಂತೆ.

ಪಿಸ್ಟನ್ ಸದ್ದು ಬಂದ ದಿನವೇ ಎಂಜಿನ್ ಇಳಿಸಬೇಕಿಲ್ಲ. ಆಯಿಲ್ ಮಟ್ಟ ನೋಡಿಕೊಂಡು, ಚೆನ್ನಾಗಿ ಬಿಸಿಯಾದ ಮೇಲೆ ಭಾರ ಕೊಟ್ಟು, ಬಿತ್ತನೆ ಮುಗಿಸಿ ಬಿಡುವಿನಲ್ಲಿ ಮಾಡಿಸಬಹುದು.

ಬಿಸಿಯಾದಷ್ಟೂ ಜೋರು "ದಡ್ ದಡ್"

ಇದು ಬಂದರೆ ಅಲ್ಲೇ ನಿಲ್ಲಿಸಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುತ್ತೆ. ಬಿಸಿಗೆ ಆಯಿಲ್ ತೆಳುವಾಗಿ ಬಡಿತ ಹೆಚ್ಚುತ್ತೆ, ಭಾರ ಬಿದ್ದರಂತೂ ಎದೆಗೇ ಕೇಳುತ್ತೆ. ಆಯಿಲನ್ನು ಬಿಳಿ ತಟ್ಟೆಗೆ ಬಸಿದು ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ಆಡಿಸಿ. ಅಂಟದ ಚೂರಾದರೆ ಬೇರಿಂಗಿನದೇ ಇರುವುದು ಹೆಚ್ಚು. ಡೀಸೆಲ್ ವಾಸನೆ ಬಂದರೆ ಆಯಿಲಿಗೆ ಡೀಸೆಲ್ ಸೇರಿದೆ, ಅದನ್ನೂ ಸರಿಪಡಿಸಬೇಕು.

ಕ್ರ್ಯಾಂಕ್ ಕೇಸ್ ಮುಚ್ಚಳ ತೆಗೆದು ರಾಡನ್ನು ಹಿಡಿದು ಪಿಸ್ಟನ್ನಿನ ದಿಕ್ಕಿಗೆ ಎಳೆದು ತಳ್ಳಿ ನೋಡಿ. ಕೈಗೆ ಆಟ ಸಿಕ್ಕರೆ ಬೇರಿಂಗ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಸರಿಯುವುದು ಮಾಮೂಲಿ. ಇನ್ನೊಂದೇ ಸಾಲು ಉತ್ತು ಬಿಡೋಣ ಎಂದು ಓಡಿಸಿದರೆ ರಾಡ್ ಮುರಿದು ಎಂಜಿನ್ ಮೈ ಒಡೆಯಬಹುದು. ಆ ದಿನದ ಉಳುಮೆಗೆ ಬಾಡಿಗೆ ಟಿಲ್ಲರ್ ತರುವುದೇ ಅಗ್ಗ.

ರಿಪೇರಿಗೆ ಕೊಡುವಾಗ

"ಸೌಂಡ್ ಬರ್ತಿದೆ, ನೋಡಿ" ಎಂದು ಬಿಟ್ಟು ಬರಬೇಡಿ. ಮೇಲಿನ ನಾಲ್ಕು ಪ್ರಶ್ನೆಗೆ ಸಿಕ್ಕ ಉತ್ತರ ಹೇಳಿ. ಬೋರ್ ಹೋಗಿದೆ ಎಂದರೆ ನಿಮ್ಮ ಮುಂದೆಯೇ ಅಳೆಯಲು ಕೇಳಿ. ರಿಂಗ್ ಉಜ್ಜುವ ಮೇಲ್ತುದಿಯ ಅಳತೆಗೂ ತಳದ ಅಳತೆಗೂ ಇರುವ ವ್ಯತ್ಯಾಸವೇ ಸವೆತ. ಅದನ್ನು ಪುಸ್ತಕದ ಮಿತಿಗೆ ಹೋಲಿಸಿ ತೀರ್ಮಾನಿಸಿ. ತೆಗೆದ ಹಳೇ ಸಾಮಾನು ಕೇಳಿ ಪಡೆಯಿರಿ.

ಹಿಂಗಾರು ಮುಗಿದು ಟಿಲ್ಲರ್ ಮೂಲೆಗೆ ಸೇರುವ ಮೊದಲು ಒಂದು ಸಲ ಈ ಕ್ರಮದಲ್ಲಿ ಪರೀಕ್ಷೆ ಮಾಡಿ, ಅದರ ಮಾಮೂಲಿ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ಮಾಡಿಸಬೇಕಾದ ಕೆಲಸ ಏನಿದ್ದರೂ ಬೇಸಿಗೆಯಲ್ಲೇ ಮುಗಿಸಿಬಿಡಿ. ಮುಂಗಾರಿನಲ್ಲಿ ಮೆಕ್ಯಾನಿಕ್ಕೂ ಸಿಗಲ್ಲ, ಹದವೂ ಕಾಯಲ್ಲ.