ಬ್ಲೌಸ್ ಬಿಗಿಯಾದಾಗ ಅಮ್ಮನಿಗೊಂದು ಫೋನ್

"ಅಮ್ಮ, ನಿಂಗೆ ಮುಟ್ಟು ನಿಂತಾಗ ಎಷ್ಟು ವಯಸ್ಸಾಗಿತ್ತು?"

ಹಾಸನದಲ್ಲಿರುವ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದನ್ನೆಲ್ಲ ಯಾಕೆ ಕೇಳ್ತೀಯ ಈಗ?" ಎಂದಳು.

ಅಸಲಿಗೆ ಕೇಳಿದ್ದು ವೆಲ್ಡ್‌ಹೋವನ್‌ನ ನಮ್ಮ ಹಾಯ್ಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯೆ. ತಾಯಿಗೆ ಬೇಗ ನಿಂತಿದ್ದರೆ ಮಗಳಿಗೂ ಬೇಗ ನಿಲ್ಲುವುದುಂಟು. ನನಗೆ 49, ನಿಂತು ವರ್ಷ ದಾಟಿದೆ. ನಾನು ಹೋಗಿದ್ದು ಮಾತ್ರ ಬೇರೆ ದೂರಿನೊಂದಿಗೆ: ಎರಡು ವರ್ಷದಲ್ಲಿ ಆರು ಕಿಲೊ, ಒಂದು ಬ್ಲೌಸೂ ಹಿಡಿಸುತ್ತಿಲ್ಲ. ರಾತ್ರಿ ಊಟ ಬಿಟ್ಟು ನೋಡಿದೆ. ತೂಕ ಇಳಿಯಲಿಲ್ಲ, ಸಿಟ್ಟು ಏರಿತು. ಹದಿನಾಲ್ಕರ ಮಗಳ ಮೇಲೆ ರೇಗಿದ್ದೇ ರೇಗಿದ್ದು. ಒಂದೇ ಮನೆಯಲ್ಲಿ ಅವಳಿಗೆ ಹಾರ್ಮೋನು ಏರುವ ಕಾಲ, ನನಗೆ ಇಳಿಯುವ ಕಾಲ!

ಈಸ್ಟ್ರೋಜನ್ ಕಡಿಮೆಯಾದಾಗ ಕೊಬ್ಬು ತೊಡೆ ಬಿಟ್ಟು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ವಯಸ್ಸಿನೊಂದಿಗೆ ಸ್ನಾಯು ಕರಗುವುದರಿಂದ ಮೊದಲಿನಷ್ಟೇ ತಿಂದರೂ ಹೆಚ್ಚಾಗುತ್ತದೆ. ಊಟ ಬಿಟ್ಟರೆ ಕೊಬ್ಬಿನ ಜೊತೆ ಇರುವ ಸ್ನಾಯುವೂ ಹೋಗುತ್ತದೆ. ನಾನು ಮಾಡುತ್ತಿದ್ದದ್ದು ಅದನ್ನೇ. ನಮ್ಮ ಕಡೆಯ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಹೆಚ್ಚು. ಹಾಗಾಗಿ ತೂಕದ ಯಂತ್ರದ ಜೊತೆ ಟೇಪನ್ನೂ ಕೇಳಿ.

ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡ, ಸಾರು ತಿಳಿ. ಈಗ ಅನ್ನ ಅರ್ಧ ಮಾಡಿ, ಹೆಸರುಕಾಳಿನ ಉಸಲಿ, ಮೊಟ್ಟೆ, ಇಲ್ಲಿನ ಗಟ್ಟಿ ಕ್ವಾರ್ಕ್ ಸೇರಿಸಿದ್ದೇನೆ. ಕ್ವಾರ್ಕಿಗೆ ಸಾಸಿವೆ ಒಗ್ಗರಣೆ ಕೊಟ್ಟರೆ ಸೌತೆಕಾಯಿ ಮೊಸರುಬಜ್ಜಿ ಚೆನ್ನಾಗಿಯೇ ಆಗುತ್ತದೆ. ಸೈಕಲ್ ತುಳಿಯುತ್ತೇನಲ್ಲ ಎಂದಿದ್ದಕ್ಕೆ ವೈದ್ಯೆ ನಕ್ಕರು. ನನ್ನದು ಬ್ಯಾಟರಿ ಸೈಕಲ್. ಡಚ್ ಆರೋಗ್ಯ ಮಂಡಳಿ ಹೇಳುವುದು ವಾರಕ್ಕೆ 150 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯು-ಮೂಳೆ ಗಟ್ಟಿಯಾಗುವ ವ್ಯಾಯಾಮ. 50ರಿಂದ 69 ವರ್ಷದ ಹೆಂಗಸರಿಗೂ ನಮ್ಮಂಥ ಮೈಬಣ್ಣದವರಿಗೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ.

ಹಾರ್ಮೋನ್ ಚಿಕಿತ್ಸೆ ಮೈ ಬಿಸಿಯೇರುವುದಕ್ಕೆ, ರಾತ್ರಿ ಬೆವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತೂಕ ಇಳಿಸುವ ಮದ್ದಲ್ಲ. ಥೈರಾಯ್ಡ್ ತೊಂದರೆಯಲ್ಲೂ ತೂಕ ಏರುತ್ತದೆ, ಆದ್ದರಿಂದ ಪರೀಕ್ಷೆ ಬೇಕೇ ಎಂದು ಕೇಳಿ. ಹಾಯ್ಸ್‌ಆರ್ಟ್ಸ್ ಭೇಟಿಗೆ ವಿಮೆಯಲ್ಲಿ ಕೈಯಿಂದ ದುಡ್ಡು ಬೀಳುವುದಿಲ್ಲ, ರಕ್ತ ಪರೀಕ್ಷೆಗೆ ಬೀಳಬಹುದು. ಫೋನಿನಲ್ಲಿ "ಓವರ್‌ಗಾಂಗ್" ಎಂದರೆ ಸಾಕು, ಮುಟ್ಟು ನಿಲ್ಲುವ ವಿಷಯ ಎಂದು ಅರ್ಥವಾಗುತ್ತದೆ. ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡಿ, ತಕ್ಷಣ ತೋರಿಸಿ.

ಮರುದಿನ ಅಮ್ಮನೇ ಫೋನ್ ಮಾಡಿದಳು. "ನಲವತ್ತಾರು ಕಣೇ. ನಂಗೂ ಹಿಂಗೇ ಹೊಟ್ಟೆ ಬಂದಿತ್ತು, ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ನಿಮ್ಮಪ್ಪಂಗೂ ಹೇಳಿರಲಿಲ್ಲ." ಫೋನ್ ಸ್ಪೀಕರಿನಲ್ಲಿತ್ತು. ಮಗಳು ಹೋಂವರ್ಕ್ ಬಿಟ್ಟು ಪಕ್ಕದಲ್ಲಿ ಬಂದು ಕೂತಳು.