ನೊಣದ ಡಿಎನ್‌ಎಯಲ್ಲಿ ಒಂದು ತಪ್ಪು ಹೆಸರು

ಹಾಸ್ಟೆಲ್ ರೂಮಲ್ಲಿ ಬಾಳೆಹಣ್ಣನ್ನ ಎರಡು ದಿನ ಮರೆತರೆ ಸಾಕು, ಸಣ್ಣ ನೊಣಗಳು ಹಾಜರ್. ನಾವು ಕೈ ಬೀಸಿ ಓಡಿಸೋ ಅಂಥ ನೊಣವೇ ಲ್ಯಾಬಿನ ಡ್ರೊಸೊಫಿಲಾ. ಅದರ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸೋ ಯಂತ್ರ ರೈಬೋಸೋಮ್. ಅದಕ್ಕೆ ಆರ್‌ಎನ್‌ಎ ಎಷ್ಟಿದ್ದರೂ ಸಾಲದು. ಹಾಗಾಗಿ ಒಂದೇ ಜೀನಿನ ನೂರಾರು ಪ್ರತಿಗಳು ಎಕ್ಸ್ ಮತ್ತು ವೈ ಕ್ರೋಮೋಸೋಮುಗಳಲ್ಲಿ ಸಾಲಾಗಿ ಕೂತಿವೆ. ಪ್ರತಿಗಳು ತೀರಾ ಕಡಿಮೆಯಾದರೆ ನೊಣದ ಮೈಮೇಲಿನ ಬಿರುಗೂದಲು ಗಿಡ್ಡವಾಗಿ, ಸಣಕಲಾಗಿ ಬೆಳೆಯುತ್ತೆ.

ಒಂದು ಪ್ರತಿ ಮುಗಿದು ಇನ್ನೊಂದು ಶುರುವಾಗೋ ನಡುವಿನ ತುಂಡೇ ಸ್ಪೇಸರ್. 1969ರಲ್ಲಿ ಮಿಲ್ಲರ್ ಮತ್ತು ಬೀಟಿ ನ್ಯೂಟ್ ಎಂಬ ಉಭಯಚರಿಯ ಮೊಟ್ಟೆಕೋಶದಿಂದ ಇಂಥ ಜೀನುಗಳನ್ನು ಹೊರತೆಗೆದು, ಹರಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದರು. ಜೀನ್ ಇರೋ ಕಡೆ ಆರ್‌ಎನ್‌ಎ ಎಳೆಗಳು ಕ್ರಿಸ್‌ಮಸ್ ಮರದ ಕೊಂಬೆಗಳ ಹಾಗೆ ಚಾಚಿಕೊಂಡಿದ್ದವು, ನಡುವಿನ ಜಾಗ ಬೋಳು. ಹೀಗೆ ಬೋಳಾಗಿ ಕಂಡ ಜಾಗವನ್ನ 'ನಾನ್‌ಟ್ರಾನ್ಸ್‌ಕ್ರೈಬ್ಡ್ ಸ್ಪೇಸರ್', ಅಂದ್ರೆ ಆರ್‌ಎನ್‌ಎ ಆಗದ ತುಂಡು ಅಂತ ಕರೆದರು.

1980ರ ದಶಕದಲ್ಲಿ ನೊಣದ ಸ್ಪೇಸರನ್ನ ಅಕ್ಷರ ಅಕ್ಷರವಾಗಿ ಓದಿದಾಗ ಕಥೆ ಬದಲಾಯಿತು. ಅಲ್ಲಿ ಸುಮಾರು 240 ಅಕ್ಷರಗಳ ತುಣುಕೊಂದು ಮತ್ತೆ ಮತ್ತೆ ಬರುತ್ತೆ. ಪ್ರತಿ ತುಣುಕಿನಲ್ಲೂ ಜೀನಿನ ಪ್ರೊಮೋಟರ್, ಅಂದ್ರೆ 'ಇಲ್ಲಿಂದ ಶುರುಮಾಡು' ಅನ್ನೋ ಸೂಚನೆ, ಹೆಚ್ಚುಕಡಿಮೆ ಹಾಗೇ ಇದೆ. ಸೂಚನೆ ಇದ್ದಮೇಲೆ ಕಿಣ್ವ ಸುಮ್ಮನಿರುತ್ತಾ? ಅಲ್ಲಿಂದಲೂ ಆರ್‌ಎನ್‌ಎ ಹೊರಡುತ್ತೆ. ಮುಖ್ಯ ಜೀನಿಗೆ ಹೋಲಿಸಿದರೆ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಕಾಮೆಂಟ್ ಅಂದುಕೊಂಡು ಬಿಟ್ಟ ಸಾಲುಗಳು ಒಳಗೊಳಗೇ ರನ್ ಆಗ್ತಿದ್ದ ಹಾಗೆ.

ಈ ತುಣುಕುಗಳು ಪಕ್ಕದ ಜೀನಿನ ಕೆಲಸವನ್ನೂ ಚುರುಕುಗೊಳಿಸುತ್ತವೆ ಅಂತ 1988ರಲ್ಲಿ ಗ್ರಿಮಾಲ್ಡಿ ಮತ್ತು ಡಿ ನೊಸೆರಾ ತೋರಿಸಿದರು. ನಮಗೆ ಅದಕ್ಕಿಂತ ಮಜಾ ಅನ್ನಿಸಿದ್ದು ಬೇರೆ. ಗಂಡು ನೊಣದಲ್ಲಿ ವೀರ್ಯಾಣು ತಯಾರಾಗುವಾಗ ಎಕ್ಸ್ ಮತ್ತು ವೈ ಮೊದಲು ಜೋಡಿಯಾಗಿ, ಆಮೇಲೆ ಬೇರೆಯಾಗಬೇಕು. ಎರಡಕ್ಕೂ ಹೋಲಿಕೆಯೇ ಕಡಿಮೆ, ಜೋಡಿಯಾಗೋದು ಹೇಗೆ? ಈ 240ರ ತುಣುಕುಗಳನ್ನ ಹಿಡಿದುಕೊಂಡು! ಎಕ್ಸ್‌ನಿಂದ ಆ ಭಾಗ ಹೋದರೆ ಲೆಕ್ಕ ತಪ್ಪುತ್ತೆ: ಕೆಲವು ವೀರ್ಯಾಣುಗಳಿಗೆ ಎಕ್ಸ್, ವೈ ಎರಡೂ, ಕೆಲವಕ್ಕೆ ಎರಡೂ ಇಲ್ಲ. ಆಮೇಲೆ ಬರೀ ಆ ತುಣುಕುಗಳನ್ನ ಎಕ್ಸ್‌ಗೆ ವಾಪಸ್ ಸೇರಿಸಿದರೂ ಜೋಡಣೆ ಮರಳುತ್ತೆ, ರೈಬೋಸೋಮಿನ ಜೀನೇ ಬೇಕಿಲ್ಲ.

ಈಗ ಈ ಜಾಗಕ್ಕೆ 'ಇಂಟರ್‌ಜೆನಿಕ್ ಸ್ಪೇಸರ್' ಅಂತಾರೆ. ಹಳೇ ಪೇಪರುಗಳಲ್ಲಿ ಎನ್‌ಟಿಎಸ್ ಅಂತ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ.