ಬಣ್ಣ ಹೊಡೆಸುವ ಮುಂಚೆ ಕರು ಎಲ್ಲಿ ಕಟ್ಟುತ್ತೀರಿ?

ಹಾಲು ಉತ್ಪಾದಕ ಅಕ್ಕತಂಗಿಯರೇ,

ಸಂಘದ ಬೋನಸ್ ಕೈಗೆ ಬಂದಾಗ, ಇಲ್ಲವೇ ಮನೆಯಲ್ಲೊಂದು ಮದುವೆ ಗೊತ್ತಾದಾಗ ನಮ್ಮ ಕಣ್ಣು ಮೊದಲು ಹೋಗುವುದು ಗೋಡೆಯ ಕಡೆಗೆ. "ಈ ಸಲವಾದರೂ ಬಣ್ಣ ಹೊಡೆಸಿಬಿಡೋಣ" ಅನ್ನುತ್ತೇವೆ, ಮರುದಿನವೇ ಪೇಂಟರ್‌ಗೆ ಫೋನು ಹೋಗುತ್ತದೆ. ನನ್ನ ತವರಿನಲ್ಲೂ ಹಾಗೇ ಆಯಿತು. ಹಳೇ ಬಾಗಿಲು, ಕಿಟಕಿ ಸರಳುಗಳ ಹಸಿರು ಪೇಂಟನ್ನು ಕೆರೆದು, ಗುಡಿಸಿ, ತಿಪ್ಪೆಗೆ ಹಾಕಿದರು. ಕೊಟ್ಟಿಗೆಗೂ ಸುಣ್ಣ ಬಳಿಯುತ್ತಿದ್ದುದರಿಂದ ಮೂರು ತಿಂಗಳ ಹೆಣ್ಣು ಕರುವನ್ನು ಆ ತಿಪ್ಪೆಯ ಪಕ್ಕದ ಮರಕ್ಕೇ ಕಟ್ಟಿದ್ದರು. ಕೆಲವು ದಿನಕ್ಕೆ ಕರು ಮೇವು ಬಿಟ್ಟಿತು, ಹಲ್ಲು ಕಡಿಯತೊಡಗಿತು, ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಂತಿತು. ಪಶುವೈದ್ಯರು ಬಂದು ನೋಡಿ ಕೇಳಿದ ಮೊದಲ ಪ್ರಶ್ನೆ, "ಇತ್ತೀಚೆಗೆ ಮನೆಗೆ ಬಣ್ಣ ಹೊಡೆಸಿದಿರಾ?" ಅಷ್ಟು ಹೊತ್ತಿಗೆ ತಡವಾಗಿತ್ತು. ಕರು ಉಳಿಯಲಿಲ್ಲ.

ಕಾರಣ ಸೀಸ. ಹಳೆಯ ಎಣ್ಣೆ ಪೇಂಟುಗಳಲ್ಲಿ ಸೀಸ ಹೆಚ್ಚಾಗಿರುತ್ತಿತ್ತು. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲೆ ಸೀಸದ ಮಾತು ಬರೆದಿದೆಯೇ ನೋಡಿ. ಆದರೆ ನಮ್ಮ ಬಾಗಿಲ ಮೇಲೆ ಇಪ್ಪತ್ತು ಮೂವತ್ತು ವರ್ಷದಿಂದ ಕೂತಿರುವ ಪದರಕ್ಕೆ ಆ ನಿಯಮ ತಲುಪಿಲ್ಲವಲ್ಲ! ಕರುಗಳಿಗೆ ಏನು ಸಿಕ್ಕರೂ ನೆಕ್ಕುವ ಚಾಳಿ. ದೊಡ್ಡ ದನಕ್ಕೂ ಅಪಾಯ ಇದ್ದದ್ದೇ, ಹೊಟ್ಟೆಗೆ ಹೋದ ಸೀಸ ಹಾಲಿಗೂ ಇಳಿಯುತ್ತದೆ. ಅಂಬೆಗಾಲಿಡುವ ಮಕ್ಕಳಿಗೂ ಬಸುರಿಯರಿಗೂ ಆ ಧೂಳು ಒಳ್ಳೆಯದಲ್ಲ.

ಹಾಗಾಗಿ ಬಣ್ಣದ ಕಾರ್ಡು ಬಿಡಿಸುವ ಮುಂಚೆ ಕೆರೆಯುವ ಕೆಲಸದ ಬಗ್ಗೆ ಮಾತಾಡಿ. ಕೆಳಗೆ ಟಾರ್ಪಾಲು ಹಾಸಿಸಿ. ಒಣ ಮರಳು ಕಾಗದ ಬೇಡ, ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಲಿ. ಪೇಂಟರ್ ಗೊಣಗಿದರೆ ಗೊಣಗಲಿ. ಬಿದ್ದ ಚಕ್ಕೆಯನ್ನೆಲ್ಲ ಗಟ್ಟಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಇಂಥದ್ದೆಂದು ಹೇಳಿ ಪಂಚಾಯ್ತಿಯ ಕಸದ ಗಾಡಿಗೆ ಕೊಡಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಮೇವಿನ ಹೊಲಕ್ಕೆ ಹೋಗುತ್ತದೆ. ಸುಡುವುದಂತೂ ಬೇಡವೇ ಬೇಡ.

ಇನ್ನು ಕಾಲದ ಮಾತು. ದಸರಾ, ದೀಪಾವಳಿ ಮುಂಚೆ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ, ಹಿಂಗಾರು ಮಳೆಯ ಕಾಟ ಬೇರೆ. ಹೊರಗೋಡೆಗೆ ಡಿಸೆಂಬರಿನಿಂದ ಯುಗಾದಿವರೆಗಿನ ಒಣ ಹವೆಯೇ ಸರಿ. ಹಸು ಈಯುವ ದಿನ ಹತ್ತಿರವಿದ್ದರೆ ಕೊಟ್ಟಿಗೆಯ ಕೆಲಸ ಮುಂದಕ್ಕೆ ಹಾಕಿ. ಜಾಗ ಬದಲಾಗಿ, ಹೊಸಬರ ಗದ್ದಲವಾದರೆ ಹಸು ಹಾಲು ಇಳಿಸುವುದಿಲ್ಲ ಅನ್ನುವುದು ನಿಮಗೆ ಹೇಳಿಕೊಡಬೇಕಾದ್ದಲ್ಲ.

ಗೋಡೆ ಒಣಗಿದೆಯೋ ಇಲ್ಲವೋ ನೋಡಲು ಒಂದು ಸುಲಭದ ದಾರಿ ಇದೆ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಒಳಮೈಯಲ್ಲಿ ನೀರ ಹನಿ ಕಂಡರೆ ಗೋಡೆಯಲ್ಲಿ ತೇವ ಇದೆ ಎಂದೇ ಅರ್ಥ. ಆಗ ಎಷ್ಟು ದುಬಾರಿ ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತದೆ. ತಾರಸಿಯ ಬಿರುಕು, ಸೋರುವ ನಲ್ಲಿ ಮೊದಲು ಸರಿಮಾಡಿಸಿ. ಮನೆಗೂ ಕೊಟ್ಟಿಗೆಗೂ ಒಂದೇ ಗೋಡೆ ಇದ್ದರೆ ಗಂಜಲ ಗೋಡೆಗೇರಿ, ಒಣಗಿದಾಗ ಬಿಳಿ ಉಪ್ಪಿನ ಪುಡಿಯಾಗಿ ಬಣ್ಣವನ್ನು ತಳ್ಳುತ್ತದೆ. ಅಂಥ ಕಡೆ ಗಂಜಲದ ಕಾಲುವೆಗೆ ಇಳಿಜಾರು ಸರಿಪಡಿಸದೆ ಬಣ್ಣಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಹೊಸ ಗಾರೆಯಾದರೆ ಕನಿಷ್ಠ ಒಂದು ತಿಂಗಳು ಕಾಯಿರಿ. ಅಡುಗೆಮನೆಯ ಮಸಿ, ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಅಳತೆ ನೀವೇ ಮಾಡಿ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿಯ ಕೋಣೆ ಎನ್ನೋಣ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು, ಕಿಟಕಿಗೆ ಸುಮಾರು 40 ಕಳೆದರೆ 400. ಡಬ್ಬಿಯ ಮೇಲೆ ಎರಡು ಕೋಟಿಗೆ ಲೀಟರಿಗೆ 60 ಚದರಡಿ ಎಂದಿದ್ದರೆ ಏಳು ಲೀಟರು ಸಾಕು. ಒರಟು ಗೋಡೆ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ದಿನಾ ಫ್ಯಾಟು, ಎಸ್‌ಎನ್‌ಎಫ್ ಲೆಕ್ಕ ನೋಡುವವರಿಗೆ ಇದೇನು ಮಹಾ? ಪುಟ್ಟಿ ಎಷ್ಟು ಸಲ, ಪ್ರೈಮರ್ ಇದೆಯೋ, ಬಣ್ಣ ಎಷ್ಟು ಕೋಟು, ಕೂಲಿ ಮಾತ್ರವೋ ಸಾಮಾನೂ ಸೇರಿಯೋ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ದುಡ್ಡು ಕೆಲಸ ಮುಗಿದಂತೆಲ್ಲ ಕೊಡಿ. ಬಟವಾಡೆಯಲ್ಲಿ ಹಿಂಡಿ, ಬೂಸಾದ ಬಾಬ್ತು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಬಣ್ಣದ ಮಾತು. ಈ ಸಲ ಒಳಗೆ, ಮುಂದಿನ ವರ್ಷ ಹೊರಗೆ ಎಂದರೆ ಯಾರೂ ನಗುವುದಿಲ್ಲ.

ಕೊಟ್ಟಿಗೆಗೆ ಮಾತ್ರ ಪೇಂಟು ಬೇಡ, ಸುಣ್ಣವೇ ಸಾಕು. ಬಳಿಯುವ ಮುಂಚೆ ಗೋಡೆಯ ಸಂದುಗಳನ್ನು ಕೆದಕಿ, ಸಿಮೆಂಟಿನಿಂದ ಮುಚ್ಚಿಸಿ. ಉಣ್ಣೆಗಳು ಮೊಟ್ಟೆ ಇಡುವುದೇ ಅಲ್ಲಿ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿದರೆ ಕಣ್ಣೇ ಹೋಗಬಹುದು. ಮಕ್ಕಳನ್ನು ದೂರವಿಡಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಧಾರಾಳ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ರಾತ್ರಿಯಿಡೀ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ ಬಳಿದರೆ ನಯವಾಗಿ ಕೂರುತ್ತದೆ. ಹಸಿಯಾಗಿರುವಾಗ ತೆಳುವಾಗಿ ಕಂಡು "ಇದೇನಮ್ಮಾ!" ಅನ್ನಿಸುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ದನ ಕಟ್ಟಿ.

ಆ ನಾಲ್ಕು ದಿನ ಹಾಲಿನ ಕ್ಯಾನು ಮನೆಯೊಳಗೆ ಬೇಡ. ಹಾಲು ಟರ್ಪೆಂಟೈನ್ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಕರೆದ ತಕ್ಷಣ ಮುಚ್ಚಿ ಡೇರಿಗೆ ಒಯ್ಯಿರಿ. ಪೇಂಟ್ ಹಚ್ಚಿದ ಕೈಯಲ್ಲಿ ಕೆಚ್ಚಲು ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಉಳಿಯುವ ಆ ಇಪ್ಪತ್ತು ಲೀಟರಿನ ಬಕೆಟ್ಟು ಇದೆಯಲ್ಲ, ಅದರ ಮೇಲೆ ನಮ್ಮೆಲ್ಲರಿಗೂ ಆಸೆ. ಎಷ್ಟು ತೊಳೆದರೂ ಅದರಲ್ಲಿ ಕಲಗಚ್ಚು, ಕುಡಿಯುವ ನೀರು ಇಡಬೇಡಿ. ಮಣ್ಣು ತುಂಬಿ ಒಂದು ದಾಸವಾಳದ ಕಡ್ಡಿ ನೆಟ್ಟು, ಕರುವಿನ ಬಾಯಿಗೆ ಎಟುಕದ ಕಡೆ ಇಟ್ಟುಬಿಡಿ.